ಹೇಳೋದಿಲ್ಲ ಅಂತ ತಮ್ಮನಿಗೆ ಮಾತು ಕೊಟ್ಟಿದ್ದೀನಿ

ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಬರೆದಿದ್ದಾಳೆ. 23 ವರ್ಷದ ತಮ್ಮ ರಷ್ಯಾಕ್ಕೆ ಹೊರಟಿದ್ದಾನೆ. ಸೈನ್ಯದಲ್ಲಿ ಹೆಲ್ಪರ್ ಕೆಲಸ, ಅಡುಗೆಮನೆ, ಗೋದಾಮು ಅಷ್ಟೇ, ಬಂದೂಕು ಮುಟ್ಟೋದೇ ಇಲ್ಲ ಅಂದಿದ್ದಾನಂತೆ ಏಜೆಂಟು. ಅವನಿಗೆ 3 ಲಕ್ಷ ಕೊಡಬೇಕು. ಅಮ್ಮ ಎರಡೆಳೆ ಸರ ಬಿಚ್ಚಿ ಕೊಟ್ಟು, ಅದು ಅಡಕ್ಕೂ ಹೋಗಿದೆ. ಅಪ್ಪನಿಗೆ ಮಾತ್ರ ಗೊತ್ತಿಲ್ಲ.

ತಂಗೀ, ಇವತ್ತೇ ಊಟ ಆದಮೇಲೆ ಅಪ್ಪನಿಗೆ ಹೇಳಿಬಿಡು. ಮಾತು ಮುರಿದ ಪಾಪ ಬೇಕಾದರೆ ನನ್ನ ಮೇಲಿರಲಿ.

ಏಜೆಂಟರ ಇದೇ ಹೆಲ್ಪರ್ ಮಾತು ನಂಬಿ ಹೋದವರಲ್ಲಿ ಕಲಬುರಗಿಯ ಹುಡುಗರೂ ಇದ್ದರು. ಹೆಲ್ಪರ್ ಅಂತ ಹೋದವರನ್ನು ಉಕ್ರೇನ್ ಗಡಿಯ ಯುದ್ಧಕ್ಕೆ ದೂಡಿದ ಸುದ್ದಿ 2024ರ ಫೆಬ್ರವರಿಯಲ್ಲಿ ಬಂತು. ಮಾರ್ಚ್‌ನಲ್ಲಿ ಸಿಬಿಐ ಏಜೆಂಟರ ಮೇಲೆ ಕೇಸು ಹಾಕಿತು. ಜುಲೈನಲ್ಲಿ ಮಾಸ್ಕೋಗೆ ಹೋದ ಪ್ರಧಾನಿ ಮೋದಿ ಪುಟಿನ್ ಮುಂದೆಯೇ ವಿಷಯ ಎತ್ತಬೇಕಾಯ್ತು. ಕೆಲವರು ಮನೆಗೆ ಬಂದರು, ಕೆಲವರ ಹೆಣ ಬಂತು. ಇಷ್ಟಾದರೂ ಹೋಗೋರು ನಿಲ್ಲಲಿಲ್ಲ, 2025ರ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಮತ್ತೆ ಎಚ್ಚರಿಸಿತು.

ನೇಪಾಳ, ಶ್ರೀಲಂಕಾದಿಂದಲೂ ಹುಡುಗರು ಹೋಗಿದ್ದಾರೆ ಅಂತ ನಿನ್ನ ತಮ್ಮ ವಾದಿಸ್ತಾನಂತೆ. ಹೌದು ಹೋಗಿದ್ದಾರೆ, ಅವರಲ್ಲೂ ಎಷ್ಟೋ ಜನ ಸತ್ತಿದ್ದಾರೆ. ಅಲ್ಲಿ ಸಹಿ ಮಾಡಿಸಿಕೊಳ್ಳುವ ಕರಾರು ಇರೋದು ರಷ್ಯನ್ ಭಾಷೆಯಲ್ಲಿ. ಮಂಡಿಯಲ್ಲಿ ಅಡಿಕೆ ಪಟ್ಟಿ ಕೈಗೆ ಬಂದರೆ ತೂಕ, ದರ, ಕಮಿಷನ್ನು ಅಂತ ಎರಡೆರಡು ಸಲ ಕೂಡಿ ನೋಡುವ ನಮ್ಮ ಹುಡುಗರು, ಒಂದಕ್ಷರ ಓದಲು ಬಾರದ ಕಾಗದಕ್ಕೆ ಹೇಗೆ ಸಹಿ ಹಾಕ್ತಾರೋ ನನಗಂತೂ ಅರ್ಥವಾಗಿಲ್ಲ.

ಇನ್ನು ಆ 3 ಲಕ್ಷ. ಸರ್ಕಾರದಲ್ಲಿ ನೋಂದಾಯಿಸಿದ ಏಜೆಂಟು ಸೇವಾ ಶುಲ್ಕ ಅಂತ ತಗೊಳ್ಳಬಹುದಾದ್ದು 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲೈಸೆನ್ಸ್ ನಂಬರ್ ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಹಾಕಿ ನೋಡು. ಅಪ್ಪನಿಗೆ ಹೇಳಬೇಡಿ ಅಂತ ಆ ಏಜೆಂಟೇ ಹೇಳಿಕೊಟ್ಟಿರ್ತಾನೆ, ಬರೆದಿಟ್ಟುಕೋ.

ತಮ್ಮನಿಗೆ ಬೈಯಬೇಡ. ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟದಲ್ಲಿ ಸುಮ್ನೆ ಕೂರಲಾಗದೆ ಹೊರಟವನು ಅವನು, ಯುದ್ಧದ ಹುಚ್ಚಿಗಲ್ಲ ಅಂತ ನೀನೇ ಬರೆದಿದ್ದೀಯಲ್ಲ. ಹೊರದೇಶದಲ್ಲಿ ಬೇರೆ ಕೆಲಸವೂ ಇದೆ, ಹುಡುಕೋಣ.

ಪಾಸ್‌ಪೋರ್ಟ್ ಎಲ್ಲಿದೆ ಅಂತ ನೀನು ಬರೆದಿಲ್ಲ. ಏಜೆಂಟ್ ಹತ್ತಿರ ಇದ್ದರೆ ನಾಳೆ ಬೆಳಿಗ್ಗೆಯೇ ಅಪ್ಪನನ್ನು ಕರೆದುಕೊಂಡು ಹೋಗಿ ಇಸಕೊಂಡು ಬಾ. ಕೊಡದಿದ್ದರೆ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಸರ ಬಿಡಿಸೋದು ಆಮೇಲೆ ನೋಡಿಕೊಂಡರಾಯ್ತು.