ನೇತ್ರಾಣಿ ದ್ವೀಪದ ಸುತ್ತ ಮುರು ಮೀನು (ಗ್ರೂಪರ್) ಹಿಡಿಯಲು ಯಾವ ರಾಡ್, ಯಾವ ರೀಲ್ ತಗೊಳ್ಳಲಿ?

ಹವಳದ ಬಂಡೆ ಮೇಲೆ, ಮುಳುಗಿದ ಹಡಗಿನ ಮೇಲೆ ದೊಡ್ಡ ಮುರು ಹಿಡಿಯಬೇಕು, ಯಾವ ರಾಡ್ ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದವನು. ರಾಡ್ ವಿಷಯ ಆಮೇಲೆ. ಮೊದಲು ಲಂಗರಿನ ವಿಷಯ ಕೇಳಿ.

ಹೊನ್ನಾವರದ ಕಡೆಯ ಒಬ್ಬ ಹಿರಿಯ ಮೀನುಗಾರರ ದೋಣಿಯಲ್ಲಿ ನಾನು ಹೋಗುತ್ತಿದ್ದೆ. ಅಣ್ಣ ಅಂತಲೇ ಕರೆಯುತ್ತಿದ್ದೆ. ಸಮುದ್ರದ ತಳದಲ್ಲಿ ಎಲ್ಲೆಲ್ಲಿ ಬಲೆ ಹರಿಯುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಬಲೆ ಹರಿಯುವ ಜಾಗ ಅಂದರೆ ಕೆಳಗೆ ಬಂಡೆ ಇದೆ, ಇಲ್ಲವೇ ಹಳೇ ಹಡಗಿನ ಕಬ್ಬಿಣ ಇದೆ. ಬಲೆಯವರು ಅದನ್ನು ಬಿಟ್ಟು ಸುತ್ತು ಹಾಕಿ ಹೋಗುತ್ತಾರೆ. ಗಾಳ ಹಾಕುವವನಿಗೆ ಬೇಕಾದದ್ದು ಅದೇ ಜಾಗ. ಸಂದಿಯಲ್ಲಿ ಸಣ್ಣ ಮೀನು ಅಡಗುತ್ತದೆ, ಅದಕ್ಕೆ ಕಾದು ಮುರು ಬಾಯಿ ತೆರೆದು ಕೂತಿರುತ್ತದೆ, ಮೇಲಿನ ನೀರಲ್ಲಿ ಇಸ್ವಾಣ (ಸೀರ್ ಫಿಶ್) ಸುತ್ತುತ್ತದೆ.

ಆ ದಿನ ಅಂಥ ಒಂದು ಕಬ್ಬಿಣದ ಮೇಲೆ ಲಂಗರು ಹಾಕಿದೆವು. ದೋಣಿಯ ಮುಂದಿನ ತುದಿಗೆ ಹಗ್ಗ ಕಟ್ಟಿದ್ದರಿಂದ ದೋಣಿ ಗಾಳಿಗೆ ಆಚೆ ಈಚೆ ತಿರುಗುತ್ತಿತ್ತು. ನನ್ನ ಗಾಳ ಒಂದು ಸಲ ಹಡಗಿನ ಮೇಲೆ, ಇನ್ನೊಂದು ಸಲ ಬರೀ ಮರಳಿನ ಮೇಲೆ. ಹಗ್ಗ ಹಿಂಬದಿಗೆ ಕಟ್ಟಿದರೆ ದೋಣಿ ಅಲ್ಲಾಡದೆ ನಿಲ್ಲುತ್ತದೆ ಅಂತ ನಾನೇ ಹಟ ಹಿಡಿದೆ. ಅಣ್ಣ ಬೇಡ ಅಂದರು. ನಾನು ಬಿಡಲಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಹೊಸಬರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ. ದೋಣಿಯ ಮುಂಭಾಗ ಎತ್ತರ, ಚೂಪು. ಅಲೆ ಬಂದರೆ ಸೀಳಿಕೊಂಡು ಮೇಲೇಳುತ್ತದೆ. ಹಿಂಬದಿ ತಗ್ಗು, ಚಪ್ಪಟೆ. ಇಂಜಿನ್ ಭಾರವೂ ಅಲ್ಲೇ, ಗಾಳ ಹಾಕುವವರು ಕೂರುವುದೂ ಅಲ್ಲೇ. ಅದರ ಮೇಲೆ ಲಂಗರಿನ ಹಗ್ಗ ಬೇರೆ ಕೆಳಕ್ಕೆ ಎಳೆದರೆ ಅಲೆ ಬಂದಾಗ ಆ ಭಾಗ ಏಳುವುದೇ ಇಲ್ಲ, ಅಲೆ ನೇರ ಒಳಗೆ ಬರುತ್ತದೆ. ಮರಳಲ್ಲಿ ಲಂಗರು ಹಾಕಿದ್ದರೆ ಅದು ಜಾರಿಕೊಂಡಾದರೂ ಬಂದೀತು. ನಮ್ಮದು ಕಬ್ಬಿಣದ ಹಲಗೆಗಳ ನಡುವೆ ಕಚ್ಚಿಕೊಂಡಿತ್ತು. ನೀರು ತಿರುಗಿ ಸೆಳೆತ ಜೋರಾಯಿತು. ಹಗ್ಗ ತಂತಿಯ ಹಾಗೆ ಬಿಗಿಯಿತು. ಮೊದಲ ಅಲೆಗೆ ಪಾದ ಮುಳುಗಿತು, ಎರಡನೆಯದಕ್ಕೆ ಐಸ್ ಪೆಟ್ಟಿಗೆ ತೇಲಿತು. ಗಂಟು ಬಿಚ್ಚಲು ಹೋದರೆ ನೆನೆದ ಹಗ್ಗ ಕಲ್ಲಾಗಿತ್ತು. "ಕೊಯ್ಯೋ ತಮಾ, ಹಗ್ಗ ಕೊಯ್ಯಿ!" ಅಂತ ಅಣ್ಣ ಕೂಗಿದರು. ಚಾಕು ಎಲ್ಲಿತ್ತು ಗೊತ್ತಾ? ಬಂಗಡೆ ಹೆಚ್ಚಿ ಮುಗಿಸಿ, ಬುಟ್ಟಿಯ ಅಡಿಯಲ್ಲಿ ಇಟ್ಟಿದ್ದೆ.

ಅಣ್ಣನೇ ಹುಡುಕಿ ಕೊಯ್ದರು. ಜೀವ ಉಳಿಯಿತು. ಇಂಜಿನ್ ಒಳಗೆ ಉಪ್ಪುನೀರು ಹೋಗಿತ್ತು. ಅದು ಮತ್ತೆ ಸರಿಯಾಗಲಿಲ್ಲ. ಆ ವರ್ಷ ಇಸ್ವಾಣ ಸಿಗುವ ಹೊತ್ತಿಗೆ ಅವರು ಬೇರೆಯವರ ದೋಣಿಗೆ ಕೂಲಿ ಹೋದರು. ನಾನು ದುಡ್ಡು ಕೊಟ್ಟೆ. ಹೋದ ಸೀಸನ್ ಅದರಿಂದ ವಾಪಸ್ ಬರುತ್ತದಾ? ಇವತ್ತಿಗೂ ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಹಾಗಾಗಿ ಲಂಗರು ಯಾವಾಗಲೂ ಮುಂದಿನ ತುದಿಯಿಂದಲೇ. ಇನ್ನೊಂದು ಉಪಾಯ ಇದೆ. ಹಗ್ಗವನ್ನು ಲಂಗರಿನ ಮೇಲಿನ ಬಳೆಗೆ ಕಟ್ಟಬೇಡಿ, ಕೊಕ್ಕೆಗಳು ಸೇರುವ ಬುಡಕ್ಕೆ ಕಟ್ಟಿ. ಅಲ್ಲಿಂದ ದಂಡದ ಗುಂಟ ಮೇಲೆ ತಂದು, ಬಳೆಗೆ ಬರೀ ತೆಳು ಸುತಳಿಯಿಂದ ಬಿಗಿಯಿರಿ. ಲಂಗರು ಸಿಕ್ಕಿಕೊಂಡಾಗ ಜೋರಾಗಿ ಎಳೆದರೆ ಸುತಳಿ ಹರಿಯುತ್ತದೆ, ಲಂಗರು ಬುಡದಿಂದ ಮೇಲೆದ್ದು ಬಿಡಿಸಿಕೊಳ್ಳುತ್ತದೆ. ಚಾಕು ಸೊಂಟದಲ್ಲೇ ಇರಲಿ.

ಆದರೆ ನೇತ್ರಾಣಿಯ ಹವಳದ ಮೇಲೆ ಲಂಗರು ಹಾಕುವ ಮಾತೇ ಬೇಡ. ನಿಮ್ಮ ಪ್ರಶ್ನೆಯಲ್ಲಿ ನನಗೆ ಒಪ್ಪಿಗೆಯಾಗದ್ದು ಇದೇ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಆ ದ್ವೀಪಕ್ಕೆ ಜನ ಸ್ಕೂಬಾ ಡೈವಿಂಗ್‌ಗೆ ಬರುವುದೇ ಹವಳ ಮತ್ತು ಮೀನು ನೋಡಲು. ದಿಬ್ಬ ಕಟ್ಟುವ ಹವಳ ವರ್ಷಕ್ಕೆ ಬೆಳೆಯುವುದು ಕೆಲವು ಮಿಲಿಮೀಟರ್‌ನಿಂದ ಕೆಲವು ಸೆಂಟಿಮೀಟರ್. ಒಂದು ಲಂಗರು ಎಳೆದಾಡಿದರೆ ಎಷ್ಟು ವರ್ಷದ್ದು ಪುಡಿಯಾಗುತ್ತದೆ, ನೀವೇ ಲೆಕ್ಕ ಹಾಕಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಹವಳ ಇದೆ. ಗಾಳಕ್ಕೆ ತುಂಡು ಸಿಕ್ಕರೂ ಮನೆಗೆ ತರುವಂತಿಲ್ಲ. ಕಾರವಾರ ಕಡೆ ಹೋದರೆ ಅಂಜುದೀವ್ ದ್ವೀಪ ನೌಕಾಪಡೆಯ ಜಾಗ, ಅಲ್ಲಿಗೆ ಸುಳಿಯಬೇಡಿ. ಮುಳುಗಿದ ಹಡಗು ಅಂದರೆ ಬರೀ ಮೀನಿನ ಮನೆ ಅಂತಲೂ ತಿಳಿಯಬೇಡಿ. 2006ರಲ್ಲಿ ಕಾರವಾರದ ಹತ್ತಿರ ಓಷನ್ ಸೆರಾಯ ಹಡಗು ಬಂಡೆಗೆ ಬಡಿದು ಒಡೆದಾಗ ಎಣ್ಣೆ ಗೋವಾ ದಡದವರೆಗೂ ಹರಡಿತ್ತು.

ದೊಡ್ಡ ಮುರು ಬೇಕು ಅನ್ನುವ ಆಸೆಯನ್ನೂ ಬಿಡಿ. ಎಷ್ಟೋ ಜಾತಿಯ ಮುರು ಹೆಣ್ಣಾಗಿ ಬೆಳೆದು, ವಯಸ್ಸಾದ ಮೇಲೆ ಗಂಡಾಗುತ್ತವೆ. ಒಂದು ಬಂಡೆಯಲ್ಲಿ ಅತಿ ದೊಡ್ಡದನ್ನು ಎತ್ತಿದಿರಿ ಅಂದರೆ ಅಲ್ಲಿದ್ದ ಗಂಡನ್ನೇ ಎತ್ತಿದಂತೆ. ಮಧ್ಯಮ ಗಾತ್ರದ ಒಂದು ಸಾಕು. ಸಾರಿಗೂ ಅದೇ ಚೆನ್ನ.

ನಾನೀಗ ಮಾಡುವುದು ಇಷ್ಟು. ಬಂಡೆ ಮುಗಿದು ಮರಳು ಶುರುವಾಗುವ ಅಂಚಿನಲ್ಲಿ ದೋಣಿಯನ್ನು ಸೆಳೆತಕ್ಕೆ ಬಿಟ್ಟು, ತೇಲುತ್ತಾ ಗಾಳ ಇಳಿಸುತ್ತೇನೆ. ನೀರು ಬಂದು ಬಡಿಯುವ ಕಡೆಯಿಂದ ಶುರು, ಮೀನು ಜಾಸ್ತಿ ಅಲ್ಲೇ. ಸೀಸದ ಗುಂಡು ತಳ ಮುಟ್ಟಿದ ಕೂಡಲೇ ಎರಡು ಮಾರು ಮೇಲೆತ್ತಿ, ಇಲ್ಲಾಂದ್ರೆ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮುರು ಕಚ್ಚಿದರೆ ತಿರುಗಿ ಗೂಡಿಗೆ ನುಗ್ಗುತ್ತದೆ. ಮೊದಲ ಕ್ಷಣದಲ್ಲೇ ಎಳೆದು ಮೇಲಕ್ಕೆ ತರದಿದ್ದರೆ ಕಿವಿರು ಅಗಲಿಸಿ ಒಳಗೆ ಕೂತುಬಿಡುತ್ತದೆ, ದಾರ ಬಂಡೆಗೆ ಉಜ್ಜಿ ತುಂಡು. ಅದಕ್ಕೇ ಉದ್ದ ನಾಜೂಕು ರಾಡ್ ಬೇಡ. ಗಿಡ್ಡ, ಗಟ್ಟಿ ರಾಡ್, ದಪ್ಪ ದಾರ, ಬ್ರೇಕ್ ಬಿಗಿ ಮಾಡಿದ ಸಾಧಾರಣ ರೀಲ್ ಸಾಕು. ನಮ್ಮವರು ಬರಿಗೈಯಲ್ಲೇ ದಪ್ಪ ನೈಲಾನ್ ದಾರ ಹಿಡಿದು ಇದನ್ನೇ ಮಾಡುತ್ತಾರೆ.

ಜೂನ್, ಜುಲೈನಲ್ಲಿ ಬರಲೇಬೇಡಿ. ಕಡಲು ಕೆಟ್ಟಿರುತ್ತದೆ, ಯಾಂತ್ರಿಕ ದೋಣಿಗಳಿಗೆ ನಿಷೇಧವೂ ಇರುತ್ತದೆ. ನವೆಂಬರ್ ಮೇಲೆ ಅಷ್ಟಮಿಯ ಆಸುಪಾಸಿನ ದಿನ ನೋಡಿ. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಜಾಸ್ತಿ, ಗುಂಡು ತಳದಲ್ಲಿ ನಿಲ್ಲುವುದಿಲ್ಲ. ಬೆಳಕು ಹರಿಯುವಾಗ ಹೊರಟು, ಮಧ್ಯಾಹ್ನದ ಗಾಳಿ ಏಳುವ ಮುಂಚೆ ದಡ ಸೇರಿ. ಲೈಫ್ ಜಾಕೆಟ್ ಮೈಮೇಲೆ ಇರಲಿ. ಕೋಸ್ಟ್ ಗಾರ್ಡ್ ನಂಬರ್ 1554, ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ. ದೂರ ಹೋದರೆ ಸಿಗ್ನಲ್ ಇರುವುದಿಲ್ಲ, ದೋಣಿಯಲ್ಲಿ ವಿಎಚ್‌ಎಫ್ ರೇಡಿಯೋ (ಕಡಲಲ್ಲಿ ಮಾತಾಡುವ ವೈರ್‌ಲೆಸ್) ಇದೆಯಾ ಅಂತ ದೋಣಿಯವರ ಜೊತೆ ಬಾಡಿಗೆ ಮಾತು ಮುಗಿಸುವ ಮೊದಲೇ ಕೇಳಿ.