ನಾಮ್ ಸಾಗೊ ಹೆಸರಿನ ಭವಿಷ್ಯವಾಣಿ ನಿಜಕ್ಕೂ 16ನೇ ಶತಮಾನದ್ದೇ?

ಜೊಸೊನ್ ಅರಸರ ಕಾಲದ ವಿದ್ವಾಂಸ ನಾಮ್ ಸಾಗೊ ಕೊರಿಯಾ ಇಬ್ಭಾಗವಾಗುವುದನ್ನು ನಾಲ್ಕು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದರೆಂಬುದು ನಿಜವೇ ಎಂದು ಕೇಳಿದ್ದೀರಿ. ನಾಮ್ ಸಾಗೊ ಇದ್ದದ್ದು ನಿಜ. ಆದರೆ ‘ಗ್ಯೊಗಾಮ್ ಯುರೊಕ್’ ಎಂಬ ಆ ಗ್ರಂಥ ಅವರದೆಂದು ನಾನು ಒಪ್ಪಲಾರೆ.

1509ರಿಂದ 1571ರವರೆಗೆ ಬಾಳಿದ ಅವರು ಪೂರ್ವ ಕರಾವಳಿಯ ಉಲ್ಜಿನ್ ಸೀಮೆಯವರು. ಗ್ಯೊಗಾಮ್ ಎಂಬುದು ಅವರ ಅಂಕಿತನಾಮ. ಖಗೋಳದಲ್ಲಿಯೂ ನೆಲದ ಲಕ್ಷಣ ನೋಡುವ ವಿದ್ಯೆಯಲ್ಲಿಯೂ ಹೆಸರಾಗಿದ್ದ ಅವರು 1592ರ ಜಪಾನಿ ದಾಳಿಯನ್ನು ಮುಂಚೆಯೇ ಸೂಚಿಸಿದ್ದರೆಂಬ ಐತಿಹ್ಯವಿರುವುದರಿಂದ, ಕಾಲಜ್ಞಾನವೊಂದು ಅವರ ಹೆಸರಿನಲ್ಲಿ ಹುಟ್ಟಿಕೊಂಡದ್ದು ಅಚ್ಚರಿಯಲ್ಲ. ಆದರೆ ಈ ಗ್ರಂಥದ ಕೈಬರಹದ ಪ್ರತಿ ದಕ್ಷಿಣ ಕೊರಿಯಾದ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದ್ದು 1977ರಲ್ಲಿ. ಅದು ಯಾವುದರ ನಕಲೆಂದು ಹೇಳಲಾಗುತ್ತದೆಯೋ ಆ ಹಳೆಯ ಮೂಲ ಇಂದಿಗೂ ಬೆಳಕಿಗೆ ಬಂದಿಲ್ಲ.

ನಂಬುವವರು ಎಲ್ಲಕ್ಕಿಂತ ಮುಂದಾಗಿ ತೋರಿಸುವುದು ‘ಮೂರು–ಎಂಟು’ ಎಂಬ ಹಾಡನ್ನು. ಅದು ಚೀನೀ ಲಿಪಿಯ ಅಕ್ಷರಗಳನ್ನು ಬಿಡಿಸಿ ಕಟ್ಟಿದ ಒಗಟು: ಅದರಲ್ಲಿ ಬರುವ ತುಂಡುಗಳನ್ನೂ, ಎರಡು ಕದಗಳನ್ನೂ, ಮದ್ಯವಿಲ್ಲದ ಮದ್ಯದಂಗಡಿಯನ್ನೂ ಜೋಡಿಸಿದರೆ ಪಾನ್‌ಮುನ್‌ಜೊಮ್ ಎಂಬ ಊರಿನ ಮೂರು ಅಕ್ಷರಗಳು ಮೂಡುತ್ತವೆ, ಒಂದೊಂದಕ್ಕೂ ಎಂಟೆಂಟು ಗೆರೆ. ಕೊರಿಯಾವನ್ನು ಇಬ್ಭಾಗಿಸಿದ 38ನೇ ಅಕ್ಷಾಂಶ, ಕೊರಿಯಾ ಯುದ್ಧವನ್ನು ನಿಲ್ಲಿಸಿದ 1953ರ ಕದನವಿರಾಮಕ್ಕೆ ಸಹಿ ಬಿದ್ದ ಸ್ಥಳ, ಎರಡೂ ಒಂದೇ ಹಾಡಿನಲ್ಲಿ! ಜಾಣ ರಚನೆಯೆಂಬುದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಊರು ಜಗತ್ತಿಗೆ ಪರಿಚಯವಾದದ್ದು 1951ರ ಸಂಧಾನದಿಂದ. ಒಗಟು ಕಣ್ಣಿಗೆ ಬಿದ್ದದ್ದು ಅದರ ಉತ್ತರ ಎಲ್ಲರಿಗೂ ಗೊತ್ತಾದ ಮೇಲೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಭಾಷೆಯದು. ತತ್ತ್ವಶಾಸ್ತ್ರ, ವಿಜ್ಞಾನ ಎಂಬ ವಿದ್ಯೆಗಳನ್ನು ಅಭ್ಯಸಿಸುವವರ ಕುರಿತ ಸಾಲೊಂದು ಅದರಲ್ಲಿದೆ. ಆ ವಿದ್ಯೆಗಳಿಗೆ ಅಲ್ಲಿ ಬಳಸಿರುವ ಹೆಸರುಗಳು ಪಾಶ್ಚಾತ್ಯ ಜ್ಞಾನವನ್ನು ಹೇಳಲು 19ನೇ ಶತಮಾನದ ಜಪಾನಿನಲ್ಲಿ ರೂಢಿಗೆ ಬಂದು, ಅನಂತರ ಕೊರಿಯಾಕ್ಕೆ ದಾಟಿದವು. ಬೈಬಲಿನ ಕೊರಿಯನ್ ಅನುವಾದವನ್ನು ಹೋಲುವ ಭಾಗಗಳನ್ನೂ ವಿಮರ್ಶಕರು ಎತ್ತಿ ತೋರಿಸಿದ್ದಾರೆ. ಆ ಭಾಷೆಯಲ್ಲಿ ಸುವಾರ್ತೆಗಳು ಮೊದಲು ಅಚ್ಚಾದದ್ದೇ 1882ರಲ್ಲಿ. ಕೊರಿಯಾದ ಹೊಸ ಧಾರ್ಮಿಕ ಪಂಥಗಳು ತಮ್ಮ ಗುರುವೇ ಆ ಗ್ರಂಥ ಸಾರಿದ ರಕ್ಷಕನೆಂದು ಹೇಳಿಕೊಳ್ಳಲು ಇದನ್ನು ಬಳಸಿಕೊಂಡಿರುವುದೂ ಅನುಮಾನವನ್ನು ಹೆಚ್ಚಿಸುತ್ತದೆ.

ಮೂಲ ಹಳೆಯದು, ನಕಲು ಮಾಡಿದವರು ಹೊಸ ಪದಗಳನ್ನು ಸೇರಿಸಿರಬಹುದು ಎಂಬ ಸಮರ್ಥನೆಯುಂಟು. ಹಾಗೊಪ್ಪಿದರೆ, ಯಾವ ಸಾಲು ನಾಮ್ ಸಾಗೊ ಅವರದು, ಯಾವುದು ಆಮೇಲಿನದು ಎಂದು ಬೇರ್ಪಡಿಸಲು ಮೂಲಪ್ರತಿಯೇ ಬೇಕು, ಮತ್ತು ಮೊದಲು ಅನುಮಾನಕ್ಕೆ ಒಳಗಾಗಬೇಕಾದವು ಕರಾರುವಾಕ್ಕಾಗಿ ನಿಜವಾದ ಭವಿಷ್ಯಗಳೇ.