ಅಧಿಸೂಚನೆ ಬರುವ ತನಕ ಸುಮ್ನೆ ಕಾಯಬೇಕಾ?

ಪ್ರಶ್ನೆ: ನನಗೆ 29. ಸರ್ಕಾರಿ ಕೆಲಸದ ಪರೀಕ್ಷೆಗೆ ನಾಲ್ಕು ವರ್ಷದಿಂದ ಓದುತ್ತಿದ್ದೇನೆ, ಅಧಿಸೂಚನೆಯೇ ಬರುತ್ತಿಲ್ಲ. ಶಾಲೆಯೊಂದರಲ್ಲಿ ಪಾಠ ಮಾಡಲು ಕರೆದಿದ್ದಾರೆ. ಸೇರಿದರೆ ಸೋತಂತೆ ಅನ್ನಿಸುತ್ತದೆ. ಮಂಗೋಲರ ಆಳ್ವಿಕೆಯಲ್ಲಿ ಚೀನಾದಲ್ಲಿ ದಶಕಗಟ್ಟಲೆ ಪರೀಕ್ಷೆ ನಿಂತಿತ್ತು ಎಂದು ಇತಿಹಾಸದ ನೋಟ್ಸ್‌ನಲ್ಲಿ ಓದಿದಾಗಿನಿಂದ ನಿದ್ದೆ ಬರುತ್ತಿಲ್ಲ. ಆ ಓದಿದವರೆಲ್ಲ ಏನು ಮಾಡಿದರು?

ಉತ್ತರ: ನಿದ್ದೆ ಕೆಡಿಸಿದ ಪ್ರಶ್ನೆಗೇ ಮೊದಲು ಬರುತ್ತೇನೆ. ದಕ್ಷಿಣ ಚೀನಾದಲ್ಲಿ ಮಂಗೋಲರಿಗಿಂತ ಮೊದಲು ಆಳುತ್ತಿದ್ದ ಸಾಂಗ್ ಅರಸರ ಕೊನೆಯ ಪರೀಕ್ಷೆ ನಡೆದದ್ದು 1274ರಲ್ಲಿ. ಮಂಗೋಲರು ಮತ್ತೆ ಪರೀಕ್ಷೆ ನಡೆಸಿದ್ದು 1315ರಲ್ಲಿ. ಅಂದರೆ 20ರ ಹುಡುಗ 61ರ ಮುದುಕನಾಗುವಷ್ಟು ಕಾಲ. ಆಗಲಾದರೂ ನ್ಯಾಯ ಸಿಕ್ಕಿತಾ? 100 ಜಾಗದಲ್ಲಿ ಮಂಗೋಲರಿಗೆ 25, ಪಶ್ಚಿಮದಿಂದ ಬಂದವರಿಗೆ 25, ಉತ್ತರ ಚೀನಾದವರಿಗೆ 25, ಎಲ್ಲರಿಗಿಂತ ಜಾಸ್ತಿ ಜನ ಇದ್ದ ದಕ್ಷಿಣದವರಿಗೂ ಅಷ್ಟೇ 25. ಚೀನೀಯರ ಪ್ರಶ್ನೆಪತ್ರಿಕೆಯೂ ಕಷ್ಟದ್ದು. ಮೊದಲ ಸಲ ಪಾಸಾದವರು ಬರೀ 56 ಜನ. 1335ರಲ್ಲಿ ಮತ್ತೆ ಕೆಲವು ವರ್ಷ ನಿಲ್ಲಿಸಿಯೇಬಿಟ್ಟರು.

ಅಷ್ಟರಲ್ಲಿ ಆ ಓದಿದವರು ಮಕ್ಕಳಿಗೆ ಪಾಠ ಹೇಳಿದರು, ವೈದ್ಯ ಮಾಡಿದರು, ಕಚೇರಿಯಲ್ಲಿ ಗುಮಾಸ್ತರಾದರು, ಕೆಲವರು ನಾಟಕ ಬರೆದರು. ಹುವಾಂಗ್ ಗೊಂಗ್‌ವಾಂಗ್ ಅಂತ ಒಬ್ಬರು, ಅವರೂ ಗುಮಾಸ್ತರೇ, ಮೇಲಧಿಕಾರಿಯ ತೆರಿಗೆ ಹಗರಣದಲ್ಲಿ ಸಿಕ್ಕಿಕೊಂಡು ಜೈಲು ಸೇರಿದರು, ಅದೂ ಪರೀಕ್ಷೆ ಮತ್ತೆ ಶುರುವಾದ 1315ರಲ್ಲೇ. ಹೊರಬಂದು ಭವಿಷ್ಯ ಹೇಳಿ ಹೊಟ್ಟೆ ಹೊರೆದರು. ಐವತ್ತರ ಆಸುಪಾಸಿನಲ್ಲಿ ಚಿತ್ರಕಲೆಯನ್ನು ಗಟ್ಟಿಯಾಗಿ ಹಿಡಿದರು. ಎಂಬತ್ತರ ಹತ್ತಿರ ಫುಚುನ್ ಬೆಟ್ಟಗಳನ್ನು ಉದ್ದದ ಕಾಗದದ ಸುರುಳಿಯ ಮೇಲೆ ಮಸಿಯಲ್ಲಿ ಬಿಡಿಸಲು ಕೂತರು. ಮನಸ್ಸು ಬಂದಾಗ ಬಿಡಿಸುತ್ತೇನೆ, ಅದನ್ನು ಬೆಟ್ಟದ ಮನೆಯಲ್ಲೇ ಬಿಟ್ಟು ತಿರುಗಾಡಲು ಹೋಗುತ್ತೇನೆ, ಹಾಗಾಗಿ ಮೂರು ನಾಲ್ಕು ವರ್ಷವಾದರೂ ಮುಗಿದಿಲ್ಲ ಎಂದು ಅದರ ಮೇಲೆ ಅವರೇ ಬರೆದಿದ್ದಾರೆ.

ನೋಡಿ, ಪರೀಕ್ಷೆ ನಿಂತಿದ್ದರಿಂದಲೇ ಕಲೆ ಬೆಳೆಯಿತು ಎಂದು ನಿಮ್ಮನ್ನು ಸಮಾಧಾನ ಮಾಡಲು ನನಗೆ ಮನಸ್ಸಿಲ್ಲ. ಹೆಸರೂ ಉಳಿಯದೆ ಹೋದವರು ಎಷ್ಟೋ ಜನ, ಅವರ ನೋವು ನಿಜ. ನಿಮ್ಮದೂ ನಿಜ. ಆದರೆ ಪಾಠ ಹೇಳಿ ಬದುಕಿದವರನ್ನು ನೀವು ಸೋತವರು ಅನ್ನುತ್ತೀರಾ? ಇಲ್ಲ ಅಲ್ವಾ? ಪರೀಕ್ಷೆ ಯಾವಾಗ ಅನ್ನುವುದು ಅವರ ಕೈಯಲ್ಲಿರಲಿಲ್ಲ, ನಿಮ್ಮ ಕೈಯಲ್ಲೂ ಇಲ್ಲ.

ಆ ಶಾಲೆಗೆ ಸೇರಿಕೊಳ್ಳಿ. ಪುಸ್ತಕ ಕಟ್ಟಿಡಬೇಡಿ, ಬೆಳಿಗ್ಗೆ ಎರಡು ಗಂಟೆ ಓದಿ, ಅಧಿಸೂಚನೆ ಬಂದ ದಿನ ಅರ್ಜಿ ಹಾಕಿ. ತರಗತಿಯಲ್ಲಿ ಯಾರಾದರೂ ಮಂಗೋಲರ ಬಗ್ಗೆ ಕೇಳಿದರೆ ಹುವಾಂಗ್ ಕಥೆ ಹೇಳಿ.